ಮೈತ್ರಿಯಲ್ಲಿ ಮೇ ತಿಂಗಳ ಸೂರ್ಯ

ಅಂಟಾರ್ಕ್ಟಿಕಾದಲ್ಲಿ ಚಳಿಗಾಲ ಕಳೆದು ಬಂದವರನ್ನು ಊರಿನವರು ಮೊದಲು ಕೇಳುವುದು ಒಂದೇ: ‘ಆರು ತಿಂಗಳು ಕತ್ತಲಂತೆ, ಹೌದಾ?’ ಆ ಲೆಕ್ಕ ಸರಿಯಾಗಿ ಧ್ರುವದ ಮೇಲೇ ನಿಂತವರಿಗೆ. ನಾನು ಹವಾಮಾನ ವೀಕ್ಷಕನಾಗಿ ಇದ್ದದ್ದು ನಮ್ಮ ದೇಶದ ಮೈತ್ರಿ ಕೇಂದ್ರದಲ್ಲಿ, 70 ಡಿಗ್ರಿ 45 ನಿಮಿಷ ದಕ್ಷಿಣ ಅಕ್ಷಾಂಶ. ಅಲ್ಲಿ ಸೂರ್ಯ ಮರೆಯಾಗುವುದು ಮೇ 20ರ ಆಸುಪಾಸಿಗೆ, ಮರಳುವುದು ಜುಲೈ 24ರ ಸುಮಾರಿಗೆ. ಈ ನಡುವೆಯೂ ಪೂರ್ತಿ ಕತ್ತಲಿಲ್ಲ. ಜೂನ್ 21ರ ಮಧ್ಯಾಹ್ನ ಸೂರ್ಯ ದಿಗಂತದಿಂದ ನಾಲ್ಕು ಡಿಗ್ರಿ ಚಿಲ್ಲರೆ ಕೆಳಗಿರುತ್ತಾನೆ, ಅಷ್ಟೇ. ಆಕಾಶ ತಿಳಿಯಾಗಿದ್ದರೆ ಆ ಹೊತ್ತಿಗೆ ಟಾರ್ಚ್ ಬೇಕಾಗುವುದಿಲ್ಲ.

ಉತ್ತರಾಯಣ ಪುಣ್ಯಕಾಲ ಎಂದು ಕೇಳಿ ಬೆಳೆದವನಿಗೆ ಅಲ್ಲಿ ಎಲ್ಲ ಉಲ್ಟಾ. ಸೂರ್ಯ ಉತ್ತರಕ್ಕೆ ಸರಿದಷ್ಟೂ ಕತ್ತಲು. ಪಂಚಾಂಗದ ಕರ್ಕ ಸಂಕ್ರಾಂತಿ ಬಂದು ವಾರ ಕಳೆದರೆ ಬಿಸಿಲಿನ ಮೊದಲ ಗೆರೆ.

ಹಗಲು ಕುಗ್ಗುವ ವೇಗ ಮಾತ್ರ ನನ್ನನ್ನು ದಂಗುಬಡಿಸಿತು. ಮೇ 5ಕ್ಕೆ ಐದು ಗಂಟೆ ಹಗಲು, 15ಕ್ಕೆ ಮೂರು ಗಂಟೆಗೂ ಕಡಿಮೆ, 19ಕ್ಕೆ ಒಂದೂವರೆ. ಬೆಂಗಳೂರಿನ ಹಗಲು ಜೂನ್‌ನಿಂದ ಡಿಸೆಂಬರಿಗೆ ಕಳೆದುಕೊಳ್ಳುವುದೇ ಸುಮಾರು ಒಂದೂವರೆ ಗಂಟೆ. ಅಲ್ಲಿ ಅಷ್ಟು ಹಗಲು ನಾಲ್ಕೈದು ದಿನಕ್ಕೆ ಖರ್ಚು. ಪೂರ್ವ, ಪಶ್ಚಿಮ ಎಂಬ ಮಾತೂ ಉಳಿಯುವುದಿಲ್ಲ. ಸೂರ್ಯ ಉತ್ತರದಲ್ಲಿ ಇಣುಕಿ, ಬಲದಿಂದ ಎಡಕ್ಕೆ ಹಿಮದ ಅಂಚನ್ನೇ ಸವರಿಕೊಂಡು ಹೋಗಿ, ಹುಟ್ಟಿದ ಜಾಗದ ಪಕ್ಕದಲ್ಲೇ ಮುಳುಗುತ್ತಾನೆ. ಬೆಂಗಳೂರಿನ ವೀಕ್ಷಣಾಲಯದಲ್ಲಿ ದಿನಾ ಸಂಜೆ, ಬಿಸಿಲಿನ ಹೊತ್ತು ಅಳೆಯುವ ಗಾಜಿನ ಗೋಳದ ಕೆಳಗಿನ ಕಾರ್ಡ್ ಬದಲಿಸುತ್ತಿದ್ದೆ. ಬಿಸಿಲಿದ್ದಷ್ಟು ಹೊತ್ತು ಅದರ ಮೇಲೆ ಕಂದು ಸುಟ್ಟಗೆರೆ ಬೀಳುತ್ತದೆ. ಮೇ ಮಧ್ಯದ ಮೈತ್ರಿ ಸೂರ್ಯನ ಕೆಳಗೆ ಆ ಕಾರ್ಡ್ ಇಟ್ಟರೆ ಒಂದು ಕಲೆಯೂ ಬೀಳದು. ಬರಿಗಣ್ಣಿಗೆ ಕಾಣುವ ಸೂರ್ಯ ಗೋಳದ ಲೆಕ್ಕಕ್ಕೆ ಆಗಲೇ ಇಲ್ಲ.

ಹಾಗಾದರೆ ಕೊನೆಯ ಸೂರ್ಯಾಸ್ತ ಯಾವುದು? ಕೋಷ್ಟಕದಲ್ಲಿ ತಾರೀಖು ಇರುತ್ತದೆ, ನಿಜ. ಆದರೆ ಆ ತಾರೀಖು ಗಾಳಿ ಬೆಳಕನ್ನು ಇಷ್ಟೇ ಬಾಗಿಸುತ್ತದೆ ಎಂಬ ಊಹೆಯ ಮೇಲೆ ನಿಂತಿದೆ. ದಿಗಂತದಲ್ಲಿ ಆ ಬಾಗು ಸಾಮಾನ್ಯವಾಗಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಹತ್ತಿರಹತ್ತಿರ ಸೂರ್ಯನ ಅಗಲದಷ್ಟೇ. ಅಂದರೆ ಬಿಂಬ ಅಂಚಿಗೆ ತಾಗಿದಂತೆ ಕಂಡಾಗ ನಿಜವಾದ ಸೂರ್ಯ ಆಗಲೇ ಮುಳುಗಿದ್ದಾನೆ. ಹಿಮದ ನೆಲದ ಮೇಲೆ ಇನ್ನೊಂದು ತಕರಾರಿದೆ. ನೆಲಕ್ಕಂಟಿದ ಗಾಳಿ ಕೊರೆಯುತ್ತಿರುತ್ತದೆ, ಮೇಲಿನ ಪದರ ಅದಕ್ಕಿಂತ ಬೆಚ್ಚಗಿರುತ್ತದೆ. ಇದು ಬಲವಾದ ದಿನ ಬೆಳಕು ಇನ್ನೂ ಹೆಚ್ಚು ಬಾಗುತ್ತದೆ. ಬಿಂಬ ತಟ್ಟಿದ ರೊಟ್ಟಿಯಂತೆ ಚಪ್ಪಟೆಯಾಗಿ, ಕೆಲವೊಮ್ಮೆ ಒಂದರ ಮೇಲೊಂದು ಪಟ್ಟಿಯಾಗಿ ಕಾಣುತ್ತದೆ.

1597ರ ಜನವರಿಯಲ್ಲಿ, ಆರ್ಕ್ಟಿಕ್‌ನ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ ಡಚ್ ನಾವಿಕ ಬಾರೆಂಟ್ಸ್ ತಂಡದವರು ಲೆಕ್ಕಕ್ಕಿಂತ ಸುಮಾರು ಎರಡು ವಾರ ಮೊದಲೇ ಸೂರ್ಯನನ್ನು ಕಂಡರು. ಊರಿಗೆ ಮರಳಿದಾಗ ಅದನ್ನು ಬಹಳ ಜನ ನಂಬಲಿಲ್ಲ. 1915ರಲ್ಲಿ ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಹಡಗು ಸಿಕ್ಕಿಸಿಕೊಂಡಿದ್ದ ಅನ್ವೇಷಕ ಶಾಕಲ್ಟನ್ ತಂಡಕ್ಕೂ ಇದೇ ಅನುಭವ. ಬೀಳ್ಕೊಟ್ಟು ಏಳು ದಿನವಾದ ಸೂರ್ಯ ಮೇ 8ರಂದು ಅರ್ಧಕ್ಕಿಂತ ಹೆಚ್ಚು ಮೇಲೆದ್ದು ಬಂದ.

ನಮ್ಮಲ್ಲಿ ಕ್ಯಾಮೆರಾ ಹಿಡಿದು ಎಲ್ಲರೂ ಹೊರಗೆ ನಿಂತದ್ದು ಮೇ 17ರಂದು. ಮಾರನೆಯ ದಿನ ಹಿಮಗಾಳಿ ಶುರುವಾಗಿ ಮೂರು ದಿನ ಬಾಗಿಲು ತೆಗೆಯಲು ಬಿಡಲಿಲ್ಲ. ನಿಂತ ಮೇಲೆ ನೋಡಿದರೆ ಉತ್ತರ ಬರೀ ಬೂದು. ಸರಿ, ಮುಗಿಯಿತು ಅಂದುಕೊಂಡೆವು. 23ರ ಮಧ್ಯಾಹ್ನ ಜನರೇಟರ್ ನೋಡಿಕೊಳ್ಳುತ್ತಿದ್ದ ಧಾರವಾಡ ಕಡೆಯ ಹುಡುಗ ಓಡಿಬಂದ: ‘ಸರ್, ಹೋಗ್ಯಾನ ಅಂದಿದ್ರಿ, ಮತ್ತ ಬಂದಾನ ನೋಡ್ರಿ!’

ಹೊರಗೆ ಹೋದೆ. ಅಂಚಿನಲ್ಲಿ ಉಗುರಿನಷ್ಟು ಕೆಂಪು, ಅಲುಗುತ್ತಿತ್ತು. ಬಿಂಬದ ತುದಿಯೋ, ತೆಳು ಮೋಡಕ್ಕೆ ಕೆಳಗಿನಿಂದ ಬಿದ್ದ ಬೆಳಕೋ? ಕನ್ನಡಕ ಒರೆಸಿ ಹಾಕುವಷ್ಟರಲ್ಲಿ ಹೋಯಿತು. ದಾಖಲೆ ಪುಸ್ತಕದ ಷರಾ ಕಾಲಮ್ಮಿನಲ್ಲಿ ‘ಸೂರ್ಯ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಹುಡುಗ ಅದನ್ನು ಅಳಿಸಲು ಇಡೀ ಸಂಜೆ ದುಂಬಾಲು ಬಿದ್ದ. ನಾನು ಅಳಿಸಲಿಲ್ಲ.