‘ರಸ್ತೆ’ ಅಂದರೆ ಬರೀ ರಸ್ತೆ ಅಲ್ಲ

ಉತ್ತರ ಕನ್ನಡದ ಸಿದ್ದಾಪುರದ ಕಡೆ ಒಂದು ಮನೆ. ಅಜ್ಜಿ ಅಡಕೆ ಸುಲಿಯುತ್ತ ಕೂತಿದ್ದರು. ನಮ್ಮ ಚುನಾವಣಾ ಸರ್ವೆಯ ಹುಡುಗ ಕೇಳಿದ: ‘ಅಮ್ಮ, ಈ ಸಲ ವೋಟು ಹಾಕುವಾಗ ಯಾವ ವಿಷಯ ನಿಮಗೆ ಮುಖ್ಯ?’ ಅಜ್ಜಿ ಒಂದೇ ಮಾತು ಹೇಳಿದರು, ‘ರಸ್ತೆ’. ಹುಡುಗ ‘ರಸ್ತೆ’ಗೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೊರಟ. ನಾನು ತಡೆದೆ. ‘ರಸ್ತೆ ಆದರೆ ಎಂತ ಅನುಕೂಲ ಅಮ್ಮ?’

‘ಮಳಗಾಲದಲ್ಲಿ ಆಂಬುಲೆನ್ಸ್ ಬತ್ತಿಲ್ಲೆ ತಮಾ. ಹೊತ್ಕಂಡೇ ಹೋಗವು.’

ಕಾಯಿಲೆಯವರನ್ನು ಹೊತ್ತುಕೊಂಡೇ ಹೋಗಬೇಕು ಅಂತ. ಅವರು ಹೇಳಿದ್ದು ಆಸ್ಪತ್ರೆಯ ವಿಷಯ. ನಮ್ಮ ಹಾಳೆಯಲ್ಲಿ ಮಾತ್ರ ಅದು ಡಾಂಬರಿನ ಲೆಕ್ಕಕ್ಕೆ ಹೋಗುತ್ತಿತ್ತು. ಹೆಚ್ಚಿನ ಚಿಕಿತ್ಸೆಗೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವ ಜಿಲ್ಲೆಯಲ್ಲಿ ಇದು ಸಣ್ಣ ತಪ್ಪಲ್ಲ.

‘ಜಮೀನು’ ಅನ್ನುವ ಉತ್ತರ ಇನ್ನೂ ಕಷ್ಟ. ಘಟ್ಟದ ಮೇಲೆ ಒಬ್ಬರು ಜಮೀನು ಅಂದರೆ ಅದು ಅತಿಕ್ರಮಣ ಮಾಡಿದ ಕಾಡಿನ ಜಾಗದ ಪಟ್ಟಾ ಇರಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಅಜ್ಜನ ಕಾಲದ ಕಾಗದ ಎಲ್ಲಿಂದ ತರೋದು? ಪಕ್ಕದ ಅಡಕೆ ತೋಟದವರು ಅದೇ ಮಾತು ಹೇಳಿದರೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ತಕರಾರು ಇದ್ದೀತು. ಕಾರವಾರ–ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗೆ ಕೊಟ್ಟ ಜಾಗ, ಇಲ್ಲ ಹೆದ್ದಾರಿಗೆ ಹೋದ ಅಂಗಳ. ಎಲ್ಲ ಸೇರಿಸಿ ‘ಜಮೀನು: ಇಷ್ಟು ಶೇಕಡ’ ಅಂತ ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯೋದಿಲ್ಲ.

ಯಾರನ್ನು ಕೇಳಿದೆವು ಅನ್ನೋದೂ ಅಷ್ಟೇ ಮುಖ್ಯ. ಚಾ ಅಂಗಡಿಯಲ್ಲಿ ಸಿಕ್ಕವರನ್ನು ಕೇಳೋದು ಸುಲಭ. ಆದರೆ ಅಲ್ಲಿ ಹೆಂಗಸರು ಸಿಗೋದು ಅಪರೂಪ, ದೋಣಿಗೆ ಹೋದವರು ಇರೋದಿಲ್ಲ. ಅದಕ್ಕೇ ನಾವು ಮತದಾರರ ಪಟ್ಟಿ ಹಿಡಿಯುತ್ತೇವೆ. ಮತಗಟ್ಟೆ ಆರಿಸಿ, ಅದರ ಪಟ್ಟಿಯಲ್ಲಿ ಒಂದು ಹೆಸರಿನಿಂದ ಶುರುಮಾಡಿ, ಇಂತಿಷ್ಟು ಹೆಸರಿಗೊಂದರಂತೆ ಗುರುತು ಹಾಕುತ್ತೇವೆ. ಪಟ್ಟಿಯಲ್ಲಿ ಸೊಸೆಯ ಹೆಸರು ಬಂದರೆ ಸೊಸೆಯನ್ನೇ ಕೇಳಬೇಕು. ಮಾವ ಜಗಲಿಯಲ್ಲಿ ಕೂತು ‘ನನ್ನ ಹತ್ರ ಕೇಳಿ’ ಅಂದರೂ ಸಹ. ಇದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ ಬಿಡಿ! ಎಷ್ಟೋ ಸಲ ಮಾವನಿಗೆ ಬೇರೆ ಹಾಳೆ ಕೊಟ್ಟು, ಸುಮ್ನೆ ತುಂಬಿಸಿಕೊಂಡು, ಲೆಕ್ಕದಿಂದ ಬಿಟ್ಟಿದ್ದೇವೆ.

ಹೀಗೆ ಸರಿಯಾಗಿ ಆರಿಸಿದ ಸಾವಿರ ಜನರನ್ನು ಕೇಳಿದರೆ, ಬಂದ ಅಂಕಿ ನಿಜವಾದ ಅಂಕಿಗಿಂತ ಸುಮಾರು ಶೇ 3ರಷ್ಟು ಆಚೀಚೆ ಇರಬಹುದು. 400 ಜನರಾದರೆ ಶೇ 5. ಮತಗಟ್ಟೆಗಳು ಕಡಿಮೆಯಾಗಿ, ಒಂದೇ ಕಡೆಯ ಜನ ಜಾಸ್ತಿಯಾದರೆ ಇದು ಇನ್ನೂ ಹಿಗ್ಗುತ್ತದೆ. ಒಂದು ತಾಲೂಕಿಗೂ ಇಡೀ ರಾಜ್ಯಕ್ಕೂ ಲೆಕ್ಕ ಹೆಚ್ಚುಕಮ್ಮಿ ಒಂದೇ ಅಂದರೆ ಯಾರೂ ನಂಬೋದಿಲ್ಲ. ಪಾತ್ರೆ ದೊಡ್ಡದಿದ್ದರೂ ಚೆನ್ನಾಗಿ ಕಲಕಿದ ಸಾರಿನ ರುಚಿ ನೋಡಲು ಒಂದು ಸೌಟು ಸಾಕಲ್ವಾ?

ಆದರೆ ಪಟ್ಟಿಯಲ್ಲಿದ್ದವರೆಲ್ಲ ಊರಲ್ಲಿ ಇರೋದಿಲ್ಲ. ಕಾರವಾರದ ಹುಡುಗರು ಗೋವಾದಲ್ಲಿ, ಭಟ್ಕಳದವರು ಗಲ್ಫಿನಲ್ಲಿ, ಶಿರಸಿಯ ಮಕ್ಕಳು ಬೆಂಗಳೂರಿನಲ್ಲಿ. ಮನೆಯಲ್ಲಿ ಸಿಗೋದು ಅಪ್ಪ ಅಮ್ಮ. ಅವರ ಬದಲು ಇವರು ಅಂತ ಬರೆದುಕೊಂಡರೆ ‘ಉದ್ಯೋಗ’ ಕೆಳಗಿಳಿದು ‘ಪಿಂಚಣಿ’ ಮೇಲೇರುತ್ತದೆ. ಸಿಗದವರನ್ನು ಸಿಗಲಿಲ್ಲ ಎಂದೇ ಬರೆಯಬೇಕು. ಫೋನ್ ನಂಬರ್ ಸಿಕ್ಕರೆ ರಾತ್ರಿ ಮಾತಾಡಬೇಕು.

ಇನ್ನೊಂದು ಪೇಚಾಟ. ‘ಶಾಸಕರ ಕೆಲಸ ಹೇಗಿದೆ?’ ಅಂದರೆ ಘಟ್ಟದ ಮೇಲೆ ಬರುವ ಉತ್ತರ, ‘ಅಡ್ಡಿಲ್ಲೆ’. ಇದು ‘ಚೆನ್ನಾಗಿದೆ’ಯೋ, ‘ಪರವಾಗಿಲ್ಲ’ವೋ, ‘ಇವನನ್ನು ಬೇಗ ಸಾಗಹಾಕಬೇಕು’ ಅಂತಲೋ? ಹೇಳಿದವರ ಮುಖ ನೋಡದೆ ಗೊತ್ತಾಗೋದಿಲ್ಲ. ಹೀಗಾಗಿ ಈಗ ನಮ್ಮ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಕೆಳಗೆ ಎರಡು ಖಾಲಿ ಸಾಲು ಇವೆ. ಜನ ಆಡಿದ ಮಾತನ್ನು ಅವರ ಭಾಷೆಯಲ್ಲೇ, ಕೊಂಕಣಿಯಾದರೆ ಕೊಂಕಣಿಯಲ್ಲೇ, ಮೊದಲು ಅಲ್ಲಿ ಬರೆಯಬೇಕು. ಗುರುತು ಹಾಕೋದು ಸಂಜೆ, ಎಲ್ಲರೂ ಕೂತು ಓದಿದ ಮೇಲೆ.