ಅಥೀನಾಳ ಕಂಬ, ಚರ್ಚಿನ ಗೋಡೆ

ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ ಒಂದು ಕೆಥೆಡ್ರಲ್ ಇದೆ. ಬೀದಿಯಲ್ಲಿ ನಿಂತು ಅದರ ಪಕ್ಕದ ಗೋಡೆ ನೋಡಿದರೆ ದಪ್ಪನೆಯ ಕಲ್ಲುಕಂಬಗಳು ಅರ್ಧ ಹೊರಗೆ, ಅರ್ಧ ಗೋಡೆಯೊಳಗೆ ಹುದುಗಿರುವುದು ಕಾಣುತ್ತದೆ. ಅವು ಕ್ರಿ.ಪೂ. 5ನೇ ಶತಮಾನದ, ಗ್ರೀಕರ ಅಥೀನಾ ದೇವಿಯ ಗುಡಿಯ ಕಂಬಗಳು. ಕ್ರಿ.ಶ. 7ನೇ ಶತಮಾನದಲ್ಲಿ ಕಂಬಗಳ ನಡುವಿನ ಸಂದುಗಳಿಗೆ ಗೋಡೆ ಕಟ್ಟಿ, ಒಳಗಿನ ಗರ್ಭಗುಡಿಯ ಗೋಡೆಗಳಲ್ಲಿ ಕಮಾನು ಕೊರೆದು, ಅದನ್ನೇ ಚರ್ಚು ಮಾಡಿಕೊಂಡರು.

ಗ್ರೀಸ್, ರೋಮ್ ಮತ್ತು ಉತ್ತರ ಯುರೋಪಿನ ಹಳೆಯ ದೇವರುಗಳನ್ನು ನಂಬಿದ್ದವರನ್ನೆಲ್ಲ ಚರ್ಚು ಪೇಗನ್ ಎಂದು ಕರೆಯಿತು. ಅವರಿಂದ ಕ್ರೈಸ್ತ ಧರ್ಮ ಏನು ಪಡೆಯಿತು ಎಂಬುದಕ್ಕೆ ಈ ಗೋಡೆಯಷ್ಟು ನಿಚ್ಚಳವಾದ ಸಾಕ್ಷ್ಯ ಎಲ್ಲ ಕಡೆ ಸಿಗುವುದಿಲ್ಲ. ಕ್ರಿಸ್‌ಮಸ್ ಹತ್ತಿರ ಬಂತೆಂದರೆ, ಡಿಸೆಂಬರ್ 25 ಸೂರ್ಯದೇವನಿಂದ ಕದ್ದ ದಿನ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಅದನ್ನು ಕೊಂಚ ನಿಧಾನವಾಗಿ ಪರಿಶೀಲಿಸಬೇಕು.

ಜೂಲಿಯಸ್ ಸೀಸರನ ಕ್ಯಾಲೆಂಡರಿನ ಲೆಕ್ಕದಲ್ಲಿ ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 25ಕ್ಕೆ ಬೀಳುತ್ತಿತ್ತು. 274ರಲ್ಲಿ ಸಾಮ್ರಾಟ ಔರೇಲಿಯನ್ ರೋಮಿನಲ್ಲಿ ‘ಅಜೇಯ ಸೂರ್ಯ’ನಿಗೆ ಗುಡಿ ಕಟ್ಟಿಸಿದ. ಆದರೆ ಆ ತಾರೀಖಿನ ಹಬ್ಬದ ದಾಖಲೆ ಎಂದು ಎಲ್ಲರೂ ಬೊಟ್ಟು ಮಾಡುವುದು 354ರ ಒಂದು ರೋಮನ್ ಹೊತ್ತಗೆಯನ್ನು. ಅದರ ಕ್ಯಾಲೆಂಡರಿನಲ್ಲಿ ಡಿಸೆಂಬರ್ 25ರ ಎದುರು ‘ಅಜೇಯನ ಜನ್ಮದಿನ’, 30 ರಥದೋಟಗಳು ಎಂದು ಬರೆದಿದೆ. ಅದೇ ಹೊತ್ತಗೆಯ ಮತ್ತೊಂದು ಪಟ್ಟಿಯಲ್ಲಿ, ಅದೇ ತಾರೀಖಿಗೆ, ಕ್ರಿಸ್ತ ಬೆತ್ಲೆಹೇಮಿನಲ್ಲಿ ಹುಟ್ಟಿದ ಎಂದಿದೆ! ಈ ಎರಡನೆಯ ಪಟ್ಟಿಯ ಮೂಲ 336ರದ್ದು ಎಂಬುದು ವಿದ್ವಾಂಸರ ಎಣಿಕೆ. ಯಾರು ಯಾರಿಂದ ಪಡೆದರು ಎಂಬುದನ್ನು ಹೊತ್ತಗೆ ಹೇಳುವುದಿಲ್ಲ.

ತಾರೀಖಿಗೆ ಇನ್ನೊಂದು ವಿವರಣೆಯೂ ಇದೆ. ಯೇಸು ಶಿಲುಬೆಗೇರಿದ್ದು ಮಾರ್ಚ್ 25ರಂದು ಎಂದು ಪಶ್ಚಿಮದ ಕ್ರೈಸ್ತರು ಬಹಳ ಹಿಂದೆಯೇ ಲೆಕ್ಕ ಹಾಕಿದ್ದರು. ಮೇರಿ ಗರ್ಭ ಧರಿಸಿದ್ದೂ ಅದೇ ದಿನ ಎಂಬ ನಂಬಿಕೆಯನ್ನು ಸಂತ ಅಗಸ್ಟೀನ್ ದಾಖಲಿಸಿದ್ದಾರೆ. ಅಲ್ಲಿಂದ ಒಂಬತ್ತು ತಿಂಗಳಿಗೆ ಡಿಸೆಂಬರ್ 25. ಪೂರ್ವದ ಕೆಲವರು ಏಪ್ರಿಲ್ 6 ಹಿಡಿದರು; ಅಲ್ಲಿಂದ ಒಂಬತ್ತು ತಿಂಗಳಿಗೆ ಬರುವ ಜನವರಿ 6ರಂದೇ ಆರ್ಮೇನಿಯದ ಚರ್ಚು ಇಂದಿಗೂ ಕ್ರಿಸ್ತಜನನ ಆಚರಿಸುತ್ತದೆ. ಕಳ್ಳತನದ ಕಥೆಗಿಂತ ಈ ಲೆಕ್ಕವೇ ನನಗೆ ಗಟ್ಟಿ ಅನಿಸುತ್ತದೆ.

ಹಾಗೆಂದು ಸೂರ್ಯನ ಸಂಬಂಧವೇ ಇರಲಿಲ್ಲ ಎನ್ನಲಾಗದು. 5ನೇ ಶತಮಾನದ ನಡುವಿನಲ್ಲಿ ಪೋಪ್ ಲಿಯೋ ತಮ್ಮ ಪ್ರವಚನವೊಂದರಲ್ಲಿ ನೊಂದುಕೊಂಡಿದ್ದಾರೆ: ಸಂತ ಪೇತ್ರರ ಬಸಿಲಿಕದ ಮೆಟ್ಟಿಲು ಹತ್ತಿದ ಜನ, ಒಳಗೆ ಕಾಲಿಡುವ ಮೊದಲು ಹಿಂತಿರುಗಿ ಮೂಡುವ ಸೂರ್ಯನಿಗೆ ತಲೆಬಾಗುತ್ತಾರೆ! ಅವರೆಲ್ಲ ಕ್ರೈಸ್ತರೇ. ಬಿಷಪ್ಪರ ಸಂಚಿಗಿಂತ ಇಂಥ ಮೈಗೂಡಿದ ರೂಢಿಯಿಂದಲೇ ಹಳೆಯದು ಹೊಸದರೊಳಗೆ ಬಂತು ಎಂದು ನಾನು ನಂಬುತ್ತೇನೆ.

ಆ ರೂಢಿಯನ್ನು ತಿಳಿದೇ ಬಳಸಿಕೊಂಡವರೂ ಉಂಟು. 601ರಲ್ಲಿ ಪೋಪ್ ಗ್ರೆಗರಿ, ಧರ್ಮಪ್ರಚಾರಕ್ಕೆಂದು ಇಂಗ್ಲೆಂಡಿನತ್ತ ಹೊರಟಿದ್ದ ಮೆಲ್ಲಿಟಸ್‌ಗೆ ಬರೆದ ಪತ್ರ ಉಳಿದುಬಂದಿದೆ. ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹಗಳನ್ನಷ್ಟೇ ನಾಶಮಾಡಿ. ತೀರ್ಥ ಚಿಮುಕಿಸಿ, ಬಲಿಪೀಠ ಕಟ್ಟಿ, ಸಂತರ ಅವಶೇಷ ಇಡಿ. ತಮಗೆ ಗೊತ್ತಿರುವ ಜಾಗಕ್ಕೆ ಜನ ಸಲೀಸಾಗಿ ಬರುತ್ತಾರೆ. ಎತ್ತು ಬಲಿ ಕೊಡುತ್ತಿದ್ದವರು ಇನ್ನು ಮುಂದೆ ಹಬ್ಬದ ದಿನ ಚರ್ಚಿನ ಸುತ್ತ ಕೊಂಬೆಗಳ ಚಪ್ಪರ ಹಾಕಿಕೊಂಡು, ದೇವರನ್ನು ನೆನೆದು ಉಣ್ಣಲಿ. ಇಷ್ಟು ಬರೆದ ಗ್ರೆಗರಿಯೇ ಅದೇ ವರ್ಷ ಇಂಗ್ಲೆಂಡಿನ ಕೆಂಟ್‌ನ ದೊರೆ ಎಥೆಲ್‌ಬರ್ಟನಿಗೆ ಗುಡಿಗಳನ್ನು ಕೆಡವು ಎಂದೂ ಬರೆದಿದ್ದರು. ಬೇರೆಡೆ ಇಂಥ ಯೋಚನೆಗೂ ಅವಕಾಶವಿರಲಿಲ್ಲ: ಅಲೆಕ್ಸಾಂಡ್ರಿಯದ ಸೆರಾಪಿಸ್ ದೇವಾಲಯವನ್ನು 4ನೇ ಶತಮಾನದ ಕೊನೆಯಲ್ಲೇ ಹಾಳುಗೆಡವಿದ್ದರು.

ಹಳೆಯ ಹಬ್ಬದೂಟ ಹೊಸ ನಂಬಿಕೆಯಲ್ಲಿ ಹೇಗೆ ನೆಲೆ ಕಾಣುತ್ತದೆ ಎಂಬುದನ್ನು ನಮ್ಮ ಕರಾವಳಿಯಲ್ಲೂ ನೋಡಬಹುದು. ಸೆಪ್ಟೆಂಬರ್ 8, ಮೇರಿಯ ಜನ್ಮದಿನ, ಕೊಂಕಣಿ ಕ್ಯಾಥೊಲಿಕರ ಮೊಂತಿ ಫೆಸ್ತ್. ಚರ್ಚಿನಲ್ಲಿ ಆಶೀರ್ವಾದ ಪಡೆದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಗೆಲ್ಲ ಹಂಚುತ್ತಾರೆ. ಪಕ್ಕದ ಹಿಂದೂ ಮನೆಗಳಲ್ಲಿ ತೆನೆ ಕಟ್ಟಿ ಹೊಸ ಅಕ್ಕಿ ಉಣ್ಣುವ ಪದ್ಧತಿಗೆ ಇದು ತೀರ ಹತ್ತಿರ. ಕ್ಯಾಥೊಲಿಕರ ಮನೆಯಲ್ಲೂ ಅಂದು ಮೀನು, ಮಾಂಸ ಬೇಯುವುದಿಲ್ಲ.