ನಾಯಿಮರಿಗೆ ಹೆಸರಿಡುವ ಮೊದಲು ಮನೆಯ ಮಾತನ್ನು ಕೇಳಿಸಿಕೊಳ್ಳಿ

ನಾಯಿಮರಿಯನ್ನು ಮನೆಗೆ ತರುವವರು ತರಬೇತುದಾರರಾದ ನಮ್ಮನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಹೆಸರಿನದೂ ಒಂದು. ಇತ್ತೀಚೆಗೆ ಆ ಪ್ರಶ್ನೆಯೊಂದಿಗೆ ಎರಡು ಷರತ್ತುಗಳು ಸೇರಿಕೊಂಡಿವೆ: ಆ ಹೆಸರನ್ನು ಬೇರೆ ಯಾರೂ ಇಟ್ಟಿರಬಾರದು, ಅದನ್ನು ಕೇಳಿದವರಿಗೆ ನಾಯಿ ಗಂಡೋ ಹೆಣ್ಣೋ ಎಂದು ತಿಳಿಯಬಾರದು. ಎರಡೂ ನ್ಯಾಯವಾದ ಆಸೆಗಳೇ, ಆದರೆ ಎರಡೂ ಮನುಷ್ಯರ ಆಸೆಗಳು. ತನ್ನ ಹೆಸರು ಇನ್ನೆಷ್ಟು ನಾಯಿಗಳಿಗಿದೆ ಎಂಬುದಾಗಲಿ, ಅದು ಯಾವ ಲಿಂಗವನ್ನು ಸೂಚಿಸುತ್ತದೆ ಎಂಬುದಾಗಲಿ ನಾಯಿಗೆ ಗೊತ್ತಾಗುವುದಿಲ್ಲ. ಅದರ ಮಟ್ಟಿಗೆ ಅಪರೂಪದ ಹೆಸರೆಂದರೆ ತಾನಿರುವ ಮನೆಯ ದಿನನಿತ್ಯದ ಮಾತಿನಲ್ಲಿ ಬೇರೆಲ್ಲೂ ಕಿವಿಗೆ ಬೀಳದ ಹೆಸರು. ಪಟ್ಟಿಗಳನ್ನು ತಿರುವಿಹಾಕಿ ಹೆಸರು ಹುಡುಕುವವರು ಮರೆಯುವುದು ಈ ಅಳತೆಯನ್ನೇ.

ಹೆಸರನ್ನು ಕೇಳಿದಾಗ ನಾಯಿಗೆ ‘ಇದು ನಾನು’ ಎನಿಸುತ್ತದೆಯೇ ಎಂಬುದನ್ನು ತತ್ತ್ವಶಾಸ್ತ್ರದವರಿಗೆ ಬಿಡೋಣ. ನಮ್ಮ ಕೆಲಸದ ದೃಷ್ಟಿಯಿಂದ ಹೆಸರು ಒಂದು ಸೂಚನೆ: ಮುಂದೆ ಬರುವ ಮಾತು ನಿನಗೆ, ಇತ್ತ ನೋಡು. ಈ ಸೂಚನೆಯನ್ನು ನಾಯಿಗಳು ಗದ್ದಲದ ನಡುವೆಯೂ ಹೆಕ್ಕಿಕೊಳ್ಳಬಲ್ಲವು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವರು ಒಟ್ಟಿಗೆ ಮಾತನಾಡುವ ಸದ್ದು ಹೆಸರಿನ ದನಿಯಷ್ಟೇ ಜೋರಾಗಿದ್ದಾಗಲೂ ನಾಯಿಗಳು ತಮ್ಮ ಹೆಸರನ್ನು ಅದೇ ಲಯದ ಬೇರೆ ಹೆಸರಿನಿಂದ ಬೇರ್ಪಡಿಸಿ ಗುರುತಿಸಿದವು. ಆದರೆ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ತಲೆಯ ಮೇಲೆ ವಿದ್ಯುದ್ವಾರಗಳನ್ನಿಟ್ಟು ಮೆದುಳಿನ ಚಟುವಟಿಕೆಯನ್ನು ಅಳೆದಾಗ, ನಾಯಿಗಳು ತಮಗೆ ಗೊತ್ತಿರುವ ಆಜ್ಞೆಯ ಪದವನ್ನು ತೀರ ಭಿನ್ನವಾದ ಅರ್ಥಹೀನ ಪದದಿಂದ ಬೇರ್ಪಡಿಸಿದವು. ಒಂದೇ ಒಂದು ಧ್ವನಿಯನ್ನು ಬದಲಿಸಿದ ಪದವನ್ನು ಮಾತ್ರ ಮೂಲಪದದಿಂದ ಬೇರ್ಪಡಿಸಲಿಲ್ಲ. ಕಿವಿ ಮಂದವೆಂದು ಇದರ ಅರ್ಥವಲ್ಲ. ನಮ್ಮ ಕೇಳ್ಮೆ 20,000 ಹರ್ಟ್ಸ್ ಸುಮಾರಿಗೆ ನಿಂತರೆ ನಾಯಿಯದು 45,000ದವರೆಗೂ ಹೋಗುತ್ತದೆ. ಧ್ವನಿ ಕೇಳಿಸಿದರೂ ಪದದೊಳಗಿನ ಸಣ್ಣ ವ್ಯತ್ಯಾಸಕ್ಕೆ ಅವು ಗಮನ ಕೊಡುವುದಿಲ್ಲವೆಂದು ತೋರುತ್ತದೆ.

ಹೀಗಾಗಿ ಯಾವುದೇ ಹೆಸರಿಗೆ ಒಪ್ಪಿಗೆ ಕೊಡುವ ಮೊದಲು ಮನೆಯವರ ಹೆಸರು, ಮುದ್ದಿನ ಹೆಸರು ಮತ್ತು ನಾಯಿಗೆ ಕಲಿಸಲಿರುವ ಆಜ್ಞೆಗಳನ್ನು ನಾನು ಕೇಳಿ ಬರೆದುಕೊಳ್ಳುತ್ತೇನೆ. ‘ಸಿಟ್’ ಎಂದು ಕಲಿಸುವ ಮನೆಯಲ್ಲಿ ‘ಕಿಟ್’ ಬೇಡ, ‘ಸ್ಟೇ’ ಎನ್ನುವವರಿಗೆ ‘ರೇ’ ಬೇಡ, ‘ನೋ’ ಎನ್ನುವವರಿಗೆ ‘ನೋವಾ’ ಬೇಡ. ಇಷ್ಟನ್ನು ಎಲ್ಲ ತರಬೇತುದಾರರೂ ಹೇಳುತ್ತಾರೆ. ಕನ್ನಡದ ಮನೆಮಾತಿನ ಕಡೆ ಗಮನ ಹರಿಸುವವರು ಕಡಿಮೆ. ಒಂದು ಕುಟುಂಬದವರು ತಮ್ಮ ಮರಿಗೆ ‘ಇಬ್ಬನಿ’ ಎಂದು ಹೆಸರಿಟ್ಟಿದ್ದರು. ಅಪರೂಪದ ಹೆಸರು, ಗಂಡು ಹೆಣ್ಣೆಂಬ ಗುರುತೂ ಇಲ್ಲ. ಕೆಲವೇ ವಾರಗಳಲ್ಲಿ ಮೊದಲಕ್ಷರ ಸವೆದು ಅದು ‘ಬನಿ’ ಎಂದಾಯಿತು. ಬಾಗಿಲಿಗೆ ಬಂದವರನ್ನೆಲ್ಲ ‘ಬನ್ನಿ, ಬನ್ನಿ’ ಎಂದು ಬಾಯ್ತುಂಬ ಸ್ವಾಗತಿಸುವ ಮನೆ ಅದು. ಸ್ವಾಗತದ ಮಾತು ಕೇಳಿದಾಗಲೆಲ್ಲ ತನ್ನನ್ನೇ ಕರೆದರೆಂದು ಮರಿ ಒಳಗಿನಿಂದ ಓಡಿ ಬರುತ್ತಿತ್ತು, ಎದುರಿಗಿದ್ದ ಅತಿಥಿಯ ಮೇಲೆ ಎಗರುತ್ತಿತ್ತು, ಬೈಸಿಕೊಳ್ಳುತ್ತಿತ್ತು. ಅವರು ನನ್ನ ಬಳಿ ತಂದದ್ದು ‘ಬಂದವರ ಮೇಲೆ ಹಾರುತ್ತದೆ’ ಎಂಬ ದೂರನ್ನು. ಹೆಸರಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅಷ್ಟರಲ್ಲಿ ನಾಯಿ ನಿಜವಾಗಿ ಕರೆದಾಗಲೂ ಎರಡು ಹೆಜ್ಜೆ ದೂರದಲ್ಲೇ ನಿಂತು ಮುಖ ನೋಡತೊಡಗಿತ್ತು. ಹೆಸರಿನ ಹಿಂಭಾಗವನ್ನು ಬಿಟ್ಟು ಮುಂಭಾಗವನ್ನು ಉಳಿಸಿಕೊಂಡು ‘ಇಬ್ಬು’ ಎಂದು ಕರೆಯತೊಡಗಿದ ಮೇಲೆ, ಅತಿಥಿಗಳೆದುರು ಕುಳಿತುಕೊಳ್ಳುವ ಅಭ್ಯಾಸವನ್ನೂ ಕಲಿಸಲು ಸಾಧ್ಯವಾಯಿತು.

ಇಂಥ ಘರ್ಷಣೆಗಳು ಹುಡುಕಿದಷ್ಟೂ ಸಿಗುತ್ತವೆ. ‘ಮುಗಿಲು’ ಸುಂದರವಾದ ಹೆಸರು. ಆದರೆ ‘ಊಟ ಮುಗೀತಾ’, ‘ಕೆಲಸ ಮುಗೀತು’ ಎಂಬ ಮಾತು ಗಳಿಗೆಗೊಮ್ಮೆ ಬರುವ ಮನೆಯಲ್ಲಿ ಅದರ ಮೊದಲರ್ಧ ದಿನವಿಡೀ ಪೋಲಾಗುತ್ತದೆ. ‘ಎಳೆ’ ಎಂಬ ಹೆಸರಿನ ನಾಯಿಗೆ ಹಗ್ಗವನ್ನು ಎಳೆಯಬೇಡವೆಂದು ಕಲಿಸುವ ಕಷ್ಟವನ್ನು ಓದುಗರೇ ಊಹಿಸಿಕೊಳ್ಳಬಹುದು. ದಿನವಿಡೀ ಕಿವಿಗೆ ಬಿದ್ದು ಏನೂ ಫಲ ಕೊಡದ ಸದ್ದನ್ನು ನಾಯಿ ನಿಧಾನವಾಗಿ ಅಲಕ್ಷಿಸುತ್ತದೆ. ಇದು ಮೊಂಡುತನವಲ್ಲ, ಕಲಿಕೆಯೇ.

ಲಿಂಗದ ಗುರುತಿಲ್ಲದ ಹೆಸರು ಹುಡುಕುವುದು ಇದಕ್ಕಿಂತ ಸುಲಭ. ಅಕಾರದಲ್ಲಿ ಮುಗಿಯುವ ವ್ಯಕ್ತಿನಾಮಗಳು ಕನ್ನಡದ ಕಿವಿಗೆ ಸಾಮಾನ್ಯವಾಗಿ ಗಂಡೆನಿಸುತ್ತವೆ, ಆಕಾರ ಇಕಾರಗಳಲ್ಲಿ ಮುಗಿಯುವವು ಹೆಣ್ಣೆನಿಸುತ್ತವೆ, ಉಕಾರ ಎರಡಕ್ಕೂ ಒಗ್ಗುತ್ತದೆ. ವ್ಯಕ್ತಿನಾಮಗಳನ್ನೇ ಬಿಟ್ಟು ವಸ್ತು, ಚಲನೆ, ಸದ್ದುಗಳ ಹೆಸರಿಗೆ ಹೊರಳಿದರೆ ಈ ಲೆಕ್ಕವೂ ಬೇಕಿಲ್ಲ: ಕಿಡಿ, ಗಿರಕಿ, ಟಿಸಿಲು, ಮಿಣುಕು, ಗುಡುಗು, ಬುಗುರಿ. ಈ ದಾರಿ ಹೊಸದೇನಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಕ್ ಲೇಖಕ ಝೆನೋಫೋನ್ ಬೇಟೆನಾಯಿಗಳಿಗೆ ಕರೆಯಲು ಸುಲಭವಾಗುವಂಥ ಚಿಕ್ಕ ಹೆಸರುಗಳನ್ನೇ ಇಡಬೇಕೆಂದು ಬರೆದು, 47 ಹೆಸರುಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ಈಟಿ, ಕಾವಲು, ಚೈತನ್ಯ ಎಂಬರ್ಥದ ಮಾತುಗಳಿವೆ. ಮರಿಯನ್ನು ಆರಿಸುವ ಮೊದಲೇ ಹೆಸರು ನಿಶ್ಚಯಿಸಿಟ್ಟುಕೊಳ್ಳುವವರಿಗೆ ಇಂಥ ಹೆಸರು ಅನುಕೂಲ. ವೈದ್ಯರಿಗೆ ನಾಯಿಯ ಲಿಂಗ ತಿಳಿಯಬೇಕಾದದ್ದು ನಿಜ, ಆದರೆ ಚಿಕಿತ್ಸೆಯ ಕಡತದಲ್ಲಿ ಅದಕ್ಕೆ ಬೇರೆಯೇ ಜಾಗವಿರುತ್ತದೆ.

ಹೆಸರಿನ ಉದ್ದ ಎರಡಕ್ಷರ, ಹೆಚ್ಚೆಂದರೆ ಮೂರು. ಉದ್ದದ ಹೆಸರನ್ನು ನಾಯಿ ಕಲಿಯಲಾರದೆಂದಲ್ಲ. ಮನೆಯ ಒಬ್ಬೊಬ್ಬರೂ ಅದನ್ನು ಒಂದೊಂದು ಬಗೆಯಲ್ಲಿ ತುಂಡರಿಸುತ್ತಾರೆ, ಆಗ ನಾಯಿಗೆ ನಾಲ್ಕು ಹೆಸರುಗಳಾಗುತ್ತವೆ. ಮೊದಲಕ್ಷರ ಕ, ಗ, ಟ, ಬಗಳಂತೆ ಒಮ್ಮೆಲೇ ಸಿಡಿಯುವಂಥದ್ದಾದರೆ ಸದ್ದಿನ ಆರಂಭ ಸ್ಪಷ್ಟವಾಗುತ್ತದೆ. ಕೊನೆಯಲ್ಲಿ ಸ್ವರವಿರಲಿ, ಏಕೆಂದರೆ ದೂರದಿಂದ ಕೂಗುವಾಗ ನಾವು ಎಳೆಯುವುದು ಅದನ್ನೇ: ‘ಕಿಡೀ’, ‘ಮಿಣುಕೂ’. ಹೆಸರನ್ನು ಅಂತಿಮಗೊಳಿಸುವ ಮೊದಲು ಒಮ್ಮೆ ಬಯಲಿನಲ್ಲಿ ನಿಂತು ಗಂಟಲೆತ್ತಿ ಕೂಗಿ ನೋಡಬೇಕು, ಮತ್ತೊಮ್ಮೆ ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ ಪಿಸುದನಿಯಲ್ಲಿ ಹೇಳಿ ನೋಡಬೇಕು, ಮನೆಯ ಮಗುವಿನಿಂದಲೂ ಹಿರಿಯರಿಂದಲೂ ಹೇಳಿಸಬೇಕು. ನಾಲ್ಕು ಜನರೆದುರು ಕೂಗಲು ನಾಚಿಕೆಯಾಗುವ ಹೆಸರು ಎಷ್ಟೇ ಅಪರೂಪದ್ದಾದರೂ ಕೆಲಸಕ್ಕೆ ಬಾರದು.

ಕಲಿಸುವ ಕ್ರಮ ಸರಳ. ಮರಿ ಬೇರೆ ಕಡೆ ನೋಡುತ್ತಿರುವಾಗ ಹೆಸರನ್ನು ಒಂದೇ ಸಲ, ಹಗುರ ದನಿಯಲ್ಲಿ ಹೇಳಿ ಕಾಯಬೇಕು. ಮೊದಲು ಒಂದು ಕಿವಿಯ ಬುಡ ಹಿಂದಕ್ಕೆ ಹೊರಳುತ್ತದೆ, ಆಮೇಲೆ ತಲೆ ತಿರುಗುತ್ತದೆ, ಕೊನೆಗೆ ಕಣ್ಣು ಸೇರುತ್ತದೆ. ತಲೆ ತಿರುಗಿದ ಆ ಕ್ಷಣದಲ್ಲೇ ‘ಭೇಷ್’ ಎಂದು ಹೇಳಿ ತುಣುಕು ತಿಂಡಿ ಕೊಡಬೇಕು. ಒಂದು ಹೊತ್ತಿಗೆ ಐದಾರು ಸಲ ಸಾಕು. ತಿರುಗಿ ನೋಡಲಿಲ್ಲವೆಂದು ‘ಕಿಡಿ, ಕಿಡಿ, ಕಿಡಿ’ ಎಂದು ಸರಮಾಲೆ ಕಟ್ಟುವವರು ಮೂರನೆಯ ಸಲಕ್ಕೆ ನೋಡಿದರೆ ಸಾಕೆಂದು ಮರಿಗೆ ಕಲಿಸುತ್ತಿರುತ್ತಾರೆ. ಗದರಿಸುವಾಗ ಹೆಸರನ್ನು ಬಳಸಲೇಬಾರದು. ಈ ಶಿಸ್ತಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಪಾಲಿಸುವವರು ವಿರಳ.

ಬೇರೆಯವರ ಬಳಿ ಬೆಳೆದ ನಾಯಿಯನ್ನು ದತ್ತು ಪಡೆದವರು ಹೆಸರು ಬದಲಿಸಬಹುದೇ ಎಂದು ಅಳುಕುತ್ತಾರೆ. ಧಾರಾಳವಾಗಿ ಬದಲಿಸಬಹುದು. ಕೆಲವು ದಿನ ಹೊಸ ಹೆಸರನ್ನು ಮೊದಲು ಹೇಳಿ, ಅದರ ಬೆನ್ನಿಗೇ ಹಳೆಯದನ್ನು ಹೇಳಬೇಕು. ಕ್ರಮ ತಿರುವುಮುರುವಾಗಬಾರದು; ಹಳೆಯದು ಮೊದಲು ಬಂದರೆ ನಾಯಿ ಅದಕ್ಕೇ ತಿರುಗಿಬಿಡುತ್ತದೆ, ಹೊಸದಕ್ಕೆ ಕೆಲಸವೇ ಉಳಿಯುವುದಿಲ್ಲ. ಹೊಸ ಹೆಸರಿಗೇ ತಲೆ ತಿರುಗತೊಡಗಿದಾಗ ಹಳೆಯದನ್ನು ಬಿಡಬೇಕು, ಗುರುತಿಗಾಗಿ ಚರ್ಮದಡಿ ಹಾಕಿಸಿದ ಮೈಕ್ರೋಚಿಪ್ಪಿನ ನೋಂದಣಿಯಲ್ಲೂ ಲಸಿಕೆಯ ಪುಸ್ತಕದಲ್ಲೂ ಹೊಸದನ್ನು ಬರೆಸಬೇಕು. ಹಳೆಯ ಹೆಸರು ಕೇಳಿದೊಡನೆ ಬಾಲ ಮುದುರಿ ಕುಗ್ಗುವ ನಾಯಿಗೆ ಮಾತ್ರ ಈ ಜೋಡಣೆ ಸಲ್ಲದು. ಅಲ್ಲಿ ಹಳೆಯದನ್ನು ಅಂದಿಗೇ ಬಿಟ್ಟು, ಹೊಸ ಹೆಸರನ್ನು ಮರಿಗೆ ಕಲಿಸಿದಂತೆಯೇ ಮೊದಲಿನಿಂದ ಕಲಿಸಬೇಕು.